ಹಗುರ ಗುಂಡು

ಹೆಂಡತಿ ಡೋರೀನ್ ಕಾರು ನಡೆಸುವುದನ್ನು ನೋಡುತ್ತಿದ್ದರೆ ಎಮಿಲ್ ಹುಡಾಕನಿಗೆ ಹಲ್ಲು ಕಡಿಯುವಂತಾಗುತ್ತಿತ್ತು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ತುಂಬಿದ ಹಾಲಿನ ಪಾತ್ರೆ ಹೊತ್ತವಳಂತೆ ಮುಂದಕ್ಕೆ ಬಾಗಿ, ನದಿಯ ಕಡೆಗೆ ಇಳಿಯುವ ಒಂದೊಂದು ತಿರುವಿನಲ್ಲೂ ಅವಳು ಬ್ರೇಕ್ ಒತ್ತುತ್ತಿದ್ದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹೊಡೆಯಲಿ ಎಂದುಕೊಂಡ ಎಮಿಲ್, ನಾನೇ ಹಿಂದಿನವನಾಗಿದ್ದರೆ ಇಷ್ಟು ಹೊತ್ತಿಗೆ ಕಿಟಕಿ ಇಳಿಸಿ ಬೈದಿರುತ್ತಿದ್ದೆ. ಈ ಚಳಿಗಾಲದಲ್ಲಿ ಡೋರೀನೇ ಕಾರು ನಡೆಸಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಒಂದು ಬೆಳಿಗ್ಗೆ ಅವನು ಬೂಟಿನ ದಾರದೊಡನೆ ಗುದ್ದಾಡುತ್ತಿದ್ದಾಗ ಅವಳು ಮೊಳೆಯಿಂದ ಕಾರಿನ ಬೀಗದಕೈ ತೆಗೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಅಂದಿನಿಂದ ಅವನದು ಪಕ್ಕದ ಸೀಟು. ಬಲಗೈಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಎಡಗೈ ಇಟ್ಟುಕೊಂಡು ಕೂರುವುದು ಅಭ್ಯಾಸವಾಗಿತ್ತು. ಕೆಳಗಿನ ಕೈ ನಡುಗುತ್ತಿತ್ತು, ಮೇಲಿನದು ಅದನ್ನು ಅದುಮಿ ಹಿಡಿದಿರುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು. ಆ ಹೆಸರನ್ನು ಎಮಿಲ್ ಇದುವರೆಗೆ ಬಾಯಿಬಿಟ್ಟು ಅಂದಿರಲಿಲ್ಲ. ಡೋರೀನ್ ಫೋನಿನಲ್ಲಿ ಅದನ್ನು ಪಿಸುಗುಟ್ಟುವುದು ಕೇಳಿಸಿದಾಗಲೆಲ್ಲ ಟೀವಿಯ ದನಿ ಏರಿಸುತ್ತಿದ್ದ.

ಮುಚ್ಚಿದ ಕಲ್ಲಿದ್ದಲ ಕೋಕ್ ಕಾರ್ಖಾನೆಯ ಗೋಡೆ ದಾಟಿದ ಮೇಲೆ ಸ್ಲೋವಾಕ್ ಸಂಘದ ಇಟ್ಟಿಗೆ ಕಟ್ಟಡ. ಮೇಲೆ ಊಟದ ಹಾಲ್, ಕೆಳಗೆ ನೆಲಮಾಳಿಗೆಯಲ್ಲಿ ಪಿಸ್ತೂಲು ಗುರಿಯಾಟದ ಸಾಲು. ಶನಿವಾರದ ಪಂದ್ಯ ಬೆಳಿಗ್ಗೆ ಒಂದು ಸುತ್ತು, ಊಟವಾದ ಮೇಲೆ ಇನ್ನೊಂದು. ಮೆಟ್ಟಿಲಿಳಿಯುವಾಗ ಡೋರೀನ್ ಅವನ ತೋಳು ಹಿಡಿಯಲು ಬಂದಳು. ಅವನು ಕೊಸರಿಕೊಂಡ. “ಕೈ ಬಿಡೆ. ಮದುವೆ ದಿಬ್ಬಣ ಹೊರಟಿದೀವಾ?” ಅವಳು ಮೇಲೆ ಅಡಿಗೆಮನೆಗೆ, ಹೆಂಗಸರು ಪಿಯೆರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಲ್ಲಿಗೆ ಹೋದಳು. ಹೋಗುವಾಗ ತಿರುಗಿ ನೋಡಿದಳು. ಅದೂ ಅವನಿಗೆ ಆಗಲಿಲ್ಲ.

ಕೆಳಗೆ ವಾಲ್ಟ್ ಸೆಮಾನ್ ಕಾಯುತ್ತಿದ್ದ. ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ಬೆವರಿದವನು, ಎಮಿಲನ ಮದುವೆಯಲ್ಲಿ ಪಕ್ಕದಲ್ಲಿ ನಿಂತವನು, ಉದ್ದ ಮೂಗಿನ ನಿಧಾನಸ್ಥ ಮನುಷ್ಯ. “ಬಾರಪ್ಪಾ ಮಹರಾಯ” ಎನ್ನುತ್ತಾ ರಟ್ಟಿನ ಪೆಟ್ಟಿಗೆಯನ್ನು ಎಮಿಲನ ಮುಂದೆ ಇಟ್ಟ. ಐದಾರು ವಾರದಿಂದ ಎಮಿಲನ ತೋಟಾಗಳನ್ನು ವಾಲ್ಟನೇ ತುಂಬಿಕೊಡುತ್ತಿದ್ದ. ಅದಕ್ಕೆ ಮುಂಚೆ ಎಮಿಲ್ ಬೇರೆಯವರ ತೋಟಾ ಮುಟ್ಟಿದವನಲ್ಲ. ಮನೆಯ ನೆಲಮಾಳಿಗೆಯಲ್ಲಿ ಹಳೆಯ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದು ಗುಂಡನ್ನೂ ಅಂಗೈಯಲ್ಲಿ ಹೊರಳಿಸಿ ನೋಡಿ, ಮದ್ದು ಅಳೆದು ತುಂಬುತ್ತಿದ್ದ. ಒಂದು ದಿನ ಮದ್ದು ತಟ್ಟೆಯಾಚೆ ಚೆಲ್ಲಿತು. ಇನ್ನೊಂದು ದಿನ ಚೆಲ್ಲಿದ್ದು ಕಾದ ಸೀಸ. ಬೂಟಿನ ಮೇಲೆ ಬಿತ್ತು, ಕಾಲು ಉಳಿಯಿತು. ಮರುದಿನವೇ ವಾಲ್ಟ್ ಬಂದು, ಮನೆಯಲ್ಲಿ ಒಬ್ಬನಿಗೇ ಬೇಜಾರು, ಮಾಡಲು ಏನಾದರೂ ಕೆಲಸ ಕೊಡು ಎಂದು ಅಚ್ಚು, ತಕ್ಕಡಿ ಎಲ್ಲ ಹೊತ್ತುಕೊಂಡು ಹೋದ. ಇಬ್ಬರೂ ಆ ನಾಟಕವನ್ನು ಚೆನ್ನಾಗಿಯೇ ಆಡಿದರು.

ಎಮಿಲ್ ಪೆಟ್ಟಿಗೆ ಎತ್ತಿದ. ಪೆಟ್ಟಿಗೆ ಹಗುರವಾಗಿತ್ತು. ಮೊದಲ ವಾರವೇ ಹಗುರವಾಗಿತ್ತು. ತುಂಬಿದ ಪೆಟ್ಟಿಗೆ ಅಂಗೈಯನ್ನು ಎಷ್ಟು ಕೆಳಕ್ಕೆ ಎಳೆಯಬೇಕೆಂದು ಜೀವಮಾನವಿಡೀ ಸೀಸ ಹೊತ್ತ ಕೈಗೆ ಗೊತ್ತಿರುವುದಿಲ್ಲವೇ? ಆದರೆ ಕೈ ತಾನೇ ಕೆಟ್ಟಿದೆ, ಕಾಫಿಯ ಲೋಟ ಒಂದು ದಿನ ಕಲ್ಲಿನಂತೆ, ಒಂದು ದಿನ ಕಾಗದದಂತೆ ಅನ್ನಿಸುವ ಕೈಯ ಮಾತು ನಂಬುವುದುಂಟೇ ಎಂದು ಅವನು ಅವತ್ತೇ ತನಗೆ ತಾನೇ ಹೇಳಿಕೊಂಡಿದ್ದ. ವಾಲ್ಟ್ ಶುಚಿ ಮಾಡಿಕೊಡುತ್ತೇನೆಂದು ಒಯ್ದು ತಂದ ಪಿಸ್ತೂಲಿನಲ್ಲಿ ಗುರಿ ನೋಡುವ ಕಚ್ಚಿನ ತಿರುಪು ಹೊಸದಾಗಿ ಮಿಂಚುತ್ತಿದ್ದುದನ್ನೂ, ಒಳಗಿನ ಸ್ಪ್ರಿಂಗು ಮೊದಲಿಗಿಂತ ಸಲೀಸಾಗಿ ಹಿಂದಕ್ಕೆ ಬರುತ್ತಿದ್ದುದನ್ನೂ ನೋಡಿದ್ದ. ನೋಡಿ, ನೋಡಿದ್ದನ್ನು ಎಲ್ಲೋ ಒಂದು ಕಡೆ ಇಟ್ಟು, ಅದರ ಮೇಲೆ ಕೂತುಬಿಟ್ಟಿದ್ದ.

ಏಕೆಂದರೆ ಪಿಸ್ತೂಲು ಈಗ ಒದೆಯುತ್ತಿರಲಿಲ್ಲ. ಹಿಂದೆಲ್ಲ ಪಳಗಿದ ಕುದುರೆಯಂತೆ ಅವನ ಮಾತು ಕೇಳಿಕೊಂಡಿದ್ದದ್ದು ಹೋದ ವರ್ಷ ತಿರುಗಿ ಬಿದ್ದಿತ್ತು. ಪ್ರತಿ ಹೊಡೆತಕ್ಕೂ ಮಣಿಕಟ್ಟಿನಿಂದ ಭುಜದವರೆಗೆ ಏಟು, ಆ ಏಟಿನ ಹೆದರಿಕೆಗೆ ಮುಂದಿನ ಹೊಡೆತಕ್ಕೆ ಮುಂಚೆಯೇ ಬೆರಳು ಬೆಚ್ಚುವುದು, ಗುಂಡು ಗುರಿಹಲಗೆಯ ಅಂಚಿಗೆ ಹೋಗುವುದು. ಈಗ ಪಿಸ್ತೂಲು ಭುಜ ತಟ್ಟುವ ಗೆಳೆಯನಂತೆ ಮೆಲ್ಲಗೆ ಹಿಂದೆ ಬಂದು ತನ್ನ ಜಾಗಕ್ಕೆ ಕೂರುತ್ತಿತ್ತು. ಆ ಬೆಳಿಗ್ಗೆಯಂತೂ ಅವನು ಉಸಿರು ಬಿಟ್ಟು, ನಡುಕ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಿ ಬರುವುದನ್ನು ಕಾದು, ನಟ್ಟನಡುವೆ ಬೆರಳು ಒತ್ತಿದ. ಒತ್ತಿದಾಗಲೆಲ್ಲ ಕಪ್ಪು ವೃತ್ತದಲ್ಲಿ ಬೆಳಕಿನ ತೂತು ಬಿತ್ತು. ಹಲಗೆ ಹತ್ತಿರ ಎಳೆದುಕೊಂಡಾಗ ತೂತುಗಳು ಒಂದರ ಮೈಗೊಂದು ತಾಗಿ ಕುಳಿತಿದ್ದವು. ಪಕ್ಕದವನು ಶಿಳ್ಳೆ ಹಾಕಿದ.  ಡಾಕ್ಟರ ಮುಖಕ್ಕೆ ಆ ಗುರಿಯ ಕಾಗದ ಹಿಡಿಯಬೇಕು ಅನ್ನಿಸಿತು ಎಮಿಲನಿಗೆ. ಡೋರೀನಳ ಮುಖಕ್ಕೆ, ಆಮೇಲೆ ಕ್ರಿಸ್ಟಾಳ ಮುಖಕ್ಕೆ.

ಕ್ರಿಸ್ಟಾ ಮಗಳು. ಅವಳ ಹೆಸರು ಇಂಥ ಹೊತ್ತಿನಲ್ಲಿ ಯಾಕೆ ಬರುತ್ತದೋ. ಅವಳು ಕೋವಿ, ಪಿಸ್ತೂಲು ಅಂದರೆ ಮಾರು ದೂರ. ಹುಬ್ಬಿನ ಮೇಲೆ ಅರ್ಧ ಬೆರಳುದ್ದದ ಬಿಳಿ ಗೆರೆಯಿದೆ ಅವಳಿಗೆ, ಕೂದಲು ಮುಂದೆ ಬಿಟ್ಟುಕೊಂಡು ಮುಚ್ಚುತ್ತಾಳೆ. ಹದಿನಾಲ್ಕರ ಹುಡುಗಿ, ಕಲ್ಲುಗಣಿಯ ಹಿಂದಿನ ಬಯಲು, ಭಾನುವಾರ, ಬಿಯರ್ ಕುಡಿಯುತ್ತಾ ನಿಂತ ಗೆಳೆಯರು. ಯಾರೋ ತಂದಿದ್ದ ಭಾರಿ ರಿವಾಲ್ವರು. ಹೊಸಬರ ಕೈಗೆ ಅದನ್ನು ಕೊಟ್ಟು ನೋಡುವುದು ಆಗ ಎಲ್ಲರೂ ಮಾಡುತ್ತಿದ್ದ ತಮಾಷೆಯೇ. ಎಮಿಲ್ ಕೊಟ್ಟ. ಅವಳು “ಜೋರಾಗಿ ಒದೆಯುತ್ತಾ ಅಪ್ಪ?” ಎಂದು ಕೇಳಿದಳು. “ಇಲ್ಲ ಪುಟ್ಟಿ, ಬೆಕ್ಕಿನ ಮರಿ ಥರ” ಎಂದ. ಗುಂಡು ಹಾರಿದ ಒದೆತಕ್ಕೆ ಕೊಳವೆ ಎದ್ದು ಬಂದು ಅವಳ ಹಣೆ ಸೀಳಿತು. ಎಲ್ಲರೂ ನಕ್ಕರು, ರಕ್ತ ಕಾಣುವವರೆಗೆ. ಆಮೇಲೆ ಎಮಿಲನೇ ಓಡಿಹೋಗಿ ತನ್ನ ಅಂಗಿ ಬಿಚ್ಚಿ ಹಣೆಗೆ ಒತ್ತಿ ಹಿಡಿದು, ಆಸ್ಪತ್ರೆಯವರೆಗೂ ಬಿಡದೆ ಹಿಡಿದುಕೊಂಡಿದ್ದ. ಆ ನೆನಪು ಬಂದಾಗಲೆಲ್ಲ ಅವನಿಗೆ ಆ ಒತ್ತಿ ಹಿಡಿದ ಕೈಯೇ ಕಾಣುತ್ತಿತ್ತು, ಅಷ್ಟರಿಂದ ಸಮಾಧಾನವಾಗುತ್ತಿತ್ತು.

ಊಟದ ಹಾಲ್‌ನಲ್ಲಿ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಘಮ. ಎಮಿಲ್ ಎಲೆಕೋಸು, ಬೇಯಿಸಿದ ಹಿಟ್ಟಿನ ತುಣುಕುಗಳ ಹಲುಶ್ಕಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಲ್ಟನ ಎದುರು ಕೂತ. ಯಾರೋ ಬೆನ್ನು ತಟ್ಟಿ ಹೋದರು. ಅವನ ಮೈಯೆಲ್ಲ ಬೆಚ್ಚಗಿತ್ತು. ಸಂಘದ ಅಂಗಡಿ ಕಟ್ಟೆಯಲ್ಲಿ ಗುಂಡು, ತೋಟಾ, ಕಿವಿಮುಚ್ಚಳ ಮಾರುವ ಬ್ರೈಸ್ ಎಂಬ ಗಡ್ಡದ ತರುಣ, ಊರಿಗೆಲ್ಲ ಕೇಳುವ ದನಿಯವನು, ಬಿಯರ್ ಹಿಡಿದು ಮೇಜಿನ ತುದಿಗೆ ಬಂದು ನಿಂತ.

“ಏನ್ ಯಜಮಾನ್ರೇ, ಬೆಳಗ್ಗೆ ಎಲ್ರನ್ನೂ ಮಲಗಿಸಿಬಿಟ್ರಂತೆ!”

“ಕೈ ಇನ್ನೂ ಸತ್ತಿಲ್ಲ ಕಣಯ್ಯಾ” ಎಂದ ಎಮಿಲ್. ಹೇಳುವಾಗ ಅವನಿಗೆ ನಗು ಬಂದಿತ್ತು, ಆ ನಗು ಆಮೇಲೆ ಬಹಳ ಹೊತ್ತು ಅವನನ್ನು ಕುಟುಕಿತು.

“ಎಲ್ಲಿ ಸಾಯುತ್ತೆ ಬಿಡಿ. ಆ ಪ್ಲಾಸ್ಟಿಕ್ ಗುಂಡು ಹಾಕ್ಕೊಂಡ್ರೆ ನಮ್ಮಜ್ಜಿನೂ ಹೊಡೀತಾಳೆ. ನನ್ನ ಹೆಂಡ್ತಿ ತಗೊಳ್ಳೋದೂ ಅದನ್ನೇ. ಉಗುರಿನ ಬಣ್ಣ ಕೂಡ ಹೋಗಲ್ಲ ಅಂತಾಳೆ.”

ಮೇಜಿನ ಸುತ್ತ ಫೋರ್ಕುಗಳು ನಿಂತವು. ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಆಚೆ ಬದಿಯ ಮುದುಕ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಶಿಳ್ಳೆ ಹಾಕಿದವನು ಕಿಟಕಿ ನೋಡಿದ. ಬ್ರೈಸನ ಮುಖ ನಿಧಾನವಾಗಿ ಬದಲಾಯಿತು. “ಅಯ್ಯೋ, ಇವ್ರಿಗೆ ಗೊತ್ತಿಲ್ವಾ?” ಎಂದು ಅವನು ವಾಲ್ಟನನ್ನು ಕೇಳಿದ. ಹಾಗಾದರೆ ಎಲ್ಲರಿಗೂ ಗೊತ್ತು. ಬೆನ್ನು ತಟ್ಟಿದವನಿಗೂ ಗೊತ್ತು. ಹಿಟ್ಟು ಲಟ್ಟಿಸುವ ಹೆಂಗಸರಿಗೂ ಗೊತ್ತು. ಹುಷಾರಿಲ್ಲದ ಮಗುವಿಗೆ ಆಟದಲ್ಲಿ ಸೋತುಕೊಡುವಂತೆ ಇಷ್ಟು ವಾರ ಇಡೀ ಸಂಘವೇ ಅವನಿಗೆ ಸೋತುಕೊಟ್ಟಿತ್ತು.

“ತಾಮ್ರದ ಪುಡಿ ಬೆರೆಸಿದ್ದು ಕಣೋ ಅದು, ಬರೀ ಪ್ಲಾಸ್ಟಿಕ್ ಅಲ್ಲ” ಎಂದ ವಾಲ್ಟ್ ತಗ್ಗಿದ ದನಿಯಲ್ಲಿ. “ಸೀಸದ ಅರ್ಧ ತೂಕ, ಅಷ್ಟೆ. ನಿಯಮದಲ್ಲಿ ತಪ್ಪೇನಿಲ್ಲ. ನಾನು ಸಮಿತಿಯವರನ್ನ ಕೇಳೇ…”

“ಸಮಿತಿಯವರನ್ನ ಕೇಳಿದೆ. ನನ್ನನ್ನ ಕೇಳಲಿಲ್ಲ.”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಬೇಡ ಅಂತಿದ್ದೆ! ಹೌದು, ಬೇಡ ಅಂತಿದ್ದೆ!” ಎಮಿಲ್ ಎದ್ದು ನಿಂತಿದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಬಲಗೈ ಮೇಜಿನ ಮೇಲೆ ಎಲ್ಲರ ಎದುರು ಪಟಪಟನೆ ಬಡಿದುಕೊಳ್ಳುತ್ತಿತ್ತು, ಅದನ್ನು ಮುಚ್ಚಲು ಎಡಗೈಗೆ ಹೊಳೆಯಲಿಲ್ಲ. ಕೂತ್ಕೋ ಎಮಿಲ್ ಎಂದು ಯಾರೋ ಅಂದರು. ವಾಲ್ಟನ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಆ ಮರುಕವನ್ನು ಹೇಗಾದರೂ ಅಲ್ಲಿಂದ ಕಿತ್ತು ಹಾಕಬೇಕು ಅನ್ನಿಸಿತು ಎಮಿಲನಿಗೆ. ಏನು ಹೇಳಿದರೆ ಕಿತ್ತು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು. ಹೇಳುವ ಮುಂಚೆ ಒಂದು ಗಳಿಗೆ ತಡೆದ, ಬೆಳಿಗ್ಗೆ ಬೆರಳು ತಡೆದಂತೆ. ಆಮೇಲೆ ನಟ್ಟನಡುವೆ ಹೊಡೆದ.

“ನಿನಗೇನು, ಇದು ಅಭ್ಯಾಸ ಆಗಿಹೋಗಿದೆ. ಇರ್ಮಾಗೂ ಹೀಗೇ ತಾನೇ ಮಾಡಿದ್ದು? ಆಪರೇಷನ್ ಚೆನ್ನಾಗಾಯ್ತು, ಬೇಸಗೆಗೆ ಸರೋವರಕ್ಕೆ ಹೋಗೋಣ ಅಂತ ಹೇಳ್ಕೊಂಡು, ಅವಳು ಸಾಯ್ತಿದಾಳೆ ಅಂತ ಅವಳಿಗೇ ಹೇಳದೆ ಸಾಯಿಸಿದೆಯಲ್ಲ!”

ಇರ್ಮಾ ವಾಲ್ಟನ ಹೆಂಡತಿ. ಆ ಮಾತನ್ನು ವಾಲ್ಟ್ ಎಮಿಲನ ನೆಲಮಾಳಿಗೆಯಲ್ಲಿ, ಸೀಸದ ಒಲೆಯ ಪಕ್ಕ ಕೂತು, ಮುಖಕ್ಕೆ ಎಣ್ಣೆ ಬಟ್ಟೆ ಅಡ್ಡ ಹಿಡಿದು ಅತ್ತು ಹೇಳಿದ್ದ. ತನ್ನ ಮಕ್ಕಳಿಗೂ ಹೇಳಿರಲಿಲ್ಲ. ಈಗ ವಾಲ್ಟನ ಮುಖದಿಂದ ಮರುಕ ಹೋಗಿತ್ತು. ಅಲ್ಲಿ ಬೇರೇನೂ ಬಂದು ಕೂತಿರಲಿಲ್ಲ, ಬರಿದಾಗಿತ್ತು. ಅವನು ಫೋರ್ಕನ್ನು ತಟ್ಟೆಯ ಅಂಚಿಗೆ ಸರಿಯಾಗಿ ಜೋಡಿಸಿಟ್ಟ. ಎಮಿಲ್ ಕೋಟು ಎಳೆದುಕೊಂಡು ಹೊರಟ. ತೋಳು ಸಿಗಲಿಲ್ಲ. ಒಂದು ತೋಳು ಜೋತಾಡುತ್ತಿದ್ದಂತೆಯೇ ಮೆಟ್ಟಿಲಿಳಿದು ಹಿಮಕ್ಕೆ ಬಂದ.

ಡೋರೀನ್ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹಿಂದೆ ಓಡಿಬಂದಳು. “ಎಂಥಾ ಮಾತು ಅಂದೆ ನೀನು? ಎಂಥಾ ಮಾತು!”

“ಕಾರು ತೆಗಿ.”

“ವಾಲ್ಟ್ ಮಾಡಿದ್ದಲ್ಲ ಅದು. ತಿಳ್ಕೋ. ಗುಂಡು ಕೊಂಡುಕೊಟ್ಟಿದ್ದು ಕ್ರಿಸ್ಟಾ. ಅವನು ತುಂಬಿದ, ಅಷ್ಟೆ.”

ಎಮಿಲ್ ಕಾರಿನ ಬಾಗಿಲು ಹಿಡಿದು ನಿಂತ. ಕ್ರಿಸ್ಟಾಗೆ ಗುಂಡಿನ ವಿಷಯ ಏನು ಗೊತ್ತು ಎಂದು ಕೇಳಿದ. ಡೋರೀನ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿದಳು, ಮತ್ತೆ ಒರೆಸಿದಳು. ಅವಳೂ ಒಂದು ವರ್ಷದಿಂದ ಪಿಸ್ತೂಲು ಹೊಡೆಯುತ್ತಿದ್ದಾಳೆ ಎಂದಳು. ಬಿಟ್ಟುಹೋಗಿದ್ದ ಗಂಡ ಕುಡಿದು ಬಂದು ಬಾಗಿಲು ಮುರಿದನಲ್ಲ, ಅದರ ಮುಂದಿನ ತಿಂಗಳಿಂದ. ಇಲ್ಲೇ, ಕೆಳಗೇ. ಬುಧವಾರ ಸಂಜೆ, ಎಮಿಲ್ ಬರದ ದಿನ. ಮೊದಮೊದಲು ಕಲಿಸಿದ್ದು ವಾಲ್ಟ್. ಅವಳಿಗೆ ಒದೆತ ಕಂಡರೆ ಇನ್ನೂ ಕೈಕಾಲು ತಣ್ಣಗಾಗುತ್ತೆ, ಅದಕ್ಕೇ ಆ ಹಗುರದ್ದು.

“ಬಾಗಿಲು ಮುರಿದನಾ? ಯಾವಾಗ?”

“ನಿನಗೆ ಹೇಳಬೇಡ ಅಂದಿದ್ಲು.”

 ಕ್ರಿಸ್ಟಾಳ ಮನೆಗೆ ಹೋಗು ಎಂದಷ್ಟೇ ಹೇಳಿ ಅವನು ಕಾರು ಹತ್ತಿದ. ದಾರಿಯುದ್ದಕ್ಕೂ ಅವನೊಳಗೆ ಮಾತುಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ತಂದೆ ಇರುವಾಗ ಕಂಡವರ ಹತ್ತಿರ ಕಲಿಯುವುದು. ಅವನು ಕೂತೆದ್ದ ಜಾಗದಲ್ಲೇ, ಅವನಿಗೆ ತಿಳಿಯದಂತೆ. ಮುದುಕನ ಕೈಗೆ ಆಟಿಕೆ ಕೊಟ್ಟು ಮೇಲೆ ಕೂತು ತಾಯಿ, ಮಗಳು, ಗೆಳೆಯ ಮಾತಾಡಿಕೊಳ್ಳುವುದು. ಬಾಗಿಲು ಮುರಿದನೆಂದು ಗೊತ್ತಾಗಿದ್ದರೆ ಅವನ ಕಾಲು ಮುರಿಯುತ್ತಿದ್ದೆ ಎಂದುಕೊಂಡ, ಕೂಡಲೇ ಯಾವ ಕೈಯಲ್ಲಿ ಎಂಬ ಪ್ರಶ್ನೆ ಬಂದು ಇನ್ನಷ್ಟು ಕೆಂಡವಾದ. ಡೋರೀನ್ ಅಳುತ್ತಾ ಕಾರು ನಡೆಸಿದಳು. ಅಳುವಾಗ ಅವಳು ಬ್ರೇಕ್ ಒತ್ತಲಿಲ್ಲ, ತಿರುವುಗಳಲ್ಲಿ ನೆಟ್ಟಗೆ ಹೋದಳು.

ಮಧ್ಯದ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಎಡಗಡೆಯದು ಕ್ರಿಸ್ಟಾಳದು. ಅವಳು ಮೆಟ್ಟಿಲ ಮೇಲಿನ ಹಿಮ ಗೋರುತ್ತಿದ್ದಳು. ಕಾರು ನೋಡಿ ಸಲಿಕೆ ಹಿಡಿದು ಸೊಂಟ ನೆಟ್ಟಗೆ ಮಾಡಿದಳು. ಟೋಪಿಯೊಳಗೆ ಕೂದಲು ಸಿಕ್ಕಿಸಿದ್ದರಿಂದ ಹುಬ್ಬಿನ ಮೇಲಿನ ಗೆರೆ ಚೆನ್ನಾಗಿ ಕಾಣುತ್ತಿತ್ತು. ಚಳಿಗೆ ಅದು ಉಳಿದ ಮುಖದಷ್ಟು ಕೆಂಪಾಗಿರಲಿಲ್ಲ.

“ಗೊತ್ತಾಯ್ತಾ?” ಎಂದಳು.

“ನಿನ್ನ ದಾನ ಬೇಕು ಅಂತ ನಾನು ಕೇಳಿದ್ನಾ?”

“ದಾನ ಅಲ್ಲ. ಅಮ್ಮ ದಿನಾ ರಾತ್ರಿ ಫೋನ್ ಮಾಡಿ ಅಳೋದು ಕೇಳಿ ಸಾಕಾಗಿತ್ತು ನಂಗೆ. ಪಂದ್ಯ ಸೋತು ಬಂದ, ತಟ್ಟೆ ಒಗೆದ. ಪಂದ್ಯ ಸೋತು ಬಂದ, ಬಾಗಿಲಿಗೆ ಒದ್ದ. ಅವಳಿಗೋಸ್ಕರ ಕೊಂಡೆ. ನಿನಗೋಸ್ಕರ ಅಂದ್ಕೋಬೇಡ.”

“ಇಡೀ ಊರಿನ ಮುಂದೆ ನನ್ನ ಮಾನ ಕಳೆದೆ. ನಗೆಪಾಟಲು ಮಾಡಿದೆ.”

“ಯಾರಾದ್ರೂ ನಕ್ರಾ?”

ಅವನು ಬೂಟಿನಿಂದ ಹಿಮ ಒದ್ದ.

“ಕೇಳ್ತಿದೀನಿ ಹೇಳು. ಒಬ್ರಾದ್ರೂ ನಕ್ರಾ? ಇಲ್ಲ ತಾನೇ? ನಿನಗೆ ಏಟು ಬೀಳದ ಹಾಗೆ ಎಲ್ರೂ ಬಾಯಿ ಮುಚ್ಕೊಂಡಿದ್ರು. ನನಗೆ ಹಾಗೆ ಆಗಲಿಲ್ಲಪ್ಪ. ನನಗೆ ಬೆಕ್ಕಿನ ಮರಿ ಅಂದಿದ್ದು ನೀನು.”

“ಅದನ್ನ ಈಗ ಯಾಕೆ ತೆಗೀತೀಯ? ನಾನು ಆವತ್ತು… ನನ್ನ ಅಂಗಿ ಬಿಚ್ಚಿ ನಿನ್ನ ಹಣೆಗೆ ಒತ್ತಿ ಹಿಡ್ಕೊಂಡು, ಆಸ್ಪತ್ರೆ ತನಕ…”

ಕ್ರಿಸ್ಟಾ ಸಲಿಕೆಯನ್ನು ಹಿಮಕ್ಕೆ ನೆಟ್ಟಳು. ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. “ಅದು ವಾಲ್ಟ್” ಎಂದಳು.

“ಯಾರು?”

“ಅಂಗಿ ಬಿಚ್ಚಿದ್ದು ವಾಲ್ಟ್ ಮಾಮ. ಹಿಡ್ಕೊಂಡಿದ್ದೂ ಅವರೇ. ಅವರ ಎದೆ ಮೇಲಿನ ಕೂದಲು ನನ್ನ ಕಣ್ಣ ಮುಂದೆ ಇತ್ತು, ಆಸ್ಪತ್ರೆ ತನಕ. ನೀನು ಆ ರಿವಾಲ್ವರ್ ಎತ್ಕೊಂಡೆ. ಮಣ್ಣಲ್ಲಿ ಬಿದ್ದಿತ್ತಲ್ಲ. ಕೊಳವೆಯೊಳಗೆ ಊದಿ ಊದಿ ನೋಡ್ತಾ ಇದ್ದೆ, ಮಣ್ಣು ಹೋಗಿದೆಯಾ ಅಂತ. ಯಾರದ್ದೋ ರಿವಾಲ್ವರ್, ಕೆಟ್ಟರೆ ಏನು ಹೇಳೋದು ಅಂತಿದ್ದೆ.”

ಸುಳ್ಳು ಎಂದು ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿಯೊಳಗೆ ಎಣ್ಣೆ ಮತ್ತು ಮಣ್ಣಿನ ರುಚಿ ಬಂತು. ಕೊಳವೆಯ ತಣ್ಣನೆಯ ಅಂಚು ತುಟಿಗೆ ತಾಗಿದ್ದು, ಊದಿದಾಗ ಶಿಳ್ಳೆಯಂಥ ಸದ್ದು ಆಗಿದ್ದು, ಮಣ್ಣಿನ ಒಂದು ಹರಳು ಹಲ್ಲಿಗೆ ಸಿಕ್ಕಿದ್ದು. ಅದು ಇಷ್ಟು ವರ್ಷ ಎಲ್ಲಿತ್ತು? ಅವನು ನೆನಪಿನಲ್ಲಿ ಮತ್ತೆ ಆ ಅಂಗಿ ಒತ್ತಿದ ಕೈಯನ್ನು ಹುಡುಕಿದ. ಕೈ ಅಲ್ಲಿತ್ತು. ಉದ್ದ ಬೆರಳಿನ, ಹೆಬ್ಬೆರಳ ಉಗುರು ಯಂತ್ರಕ್ಕೆ ಸಿಕ್ಕಿ ಕಪ್ಪಾಗಿದ್ದ, ವಾಲ್ಟನ ಕೈ. ಪಾಳಿಯಲ್ಲಿ ದಿನವೂ ಕಂಡಿದ್ದ ಕೈ. ಅದನ್ನು ತನ್ನದೆಂದು ಯಾವಾಗ ಎತ್ತಿಕೊಂಡನೋ ಅವನಿಗೆ ತಿಳಿಯಲಿಲ್ಲ. ಬಂದದ್ದು ನಾಚಿಕೆಯಲ್ಲ, ಮತ್ತೆ ಸಿಟ್ಟೇ. ಈ ಸಿಟ್ಟಿಗೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿಲ್ಲ.

“ಹೌದು” ಎಂದ ಕೊನೆಗೆ. “ರಿವಾಲ್ವರ್ ನೋಡ್ತಿದ್ದೆ.”

“ಗೊತ್ತು. ನಾನೂ ಅಲ್ಲೇ ಇದ್ದೆ.”

“ನಿನ್ನ ಗಂಡ ಬಾಗಿಲು ಮುರಿದಾಗ ನನಗೆ ಹೇಳಬಹುದಿತ್ತು.”

“ಹೇಳಿದ್ರೆ ಏನು ಮಾಡ್ತಿದ್ದೆ? ದೊಡ್ಡದೊಂದು ಬಂದೂಕು ತಂದು ಕೊಡ್ತಿದ್ದೆ.” ಅವಳು ಪಕ್ಕದ ಮನೆಯ ಕಿಟಕಿಯ ಕಡೆ ಕೈ ತೋರಿಸಿದಳು. ಕಿಟಕಿಯಲ್ಲಿ ಕೂಸಿನ ತೊಟ್ಟಿಲ ಅಂಚು ಕಾಣುತ್ತಿತ್ತು. “ನಾನು ಮಲಗೋ ಕೋಣೆ ಗೋಡೆಯಾಚೆ ಆ ಮಗು ಮಲಗುತ್ತೆ. ಯಾವ ಗುಂಡು, ಯಾವ ಕಡೆ ನಿಂತು, ಹೊಡೀಬೇಕಾ ಬೇಡ್ವಾ, ಎಲ್ಲ ಯೋಚನೆ ಮಾಡಿ ಮಾಡಿ ನನಗೆ ನಿದ್ದೆ ಇಲ್ಲ. ನೀನು ಯಾವತ್ತಾದ್ರೂ ಗುಂಡು ಹೋಗಿ ಯಾರಿಗೆ ತಾಗುತ್ತೆ ಅಂತ ಯೋಚಿಸಿದೀಯಾ?”

ಕಾರಿನಲ್ಲಿ ಡೋರೀನ್ ಕಿಟಕಿ ಇಳಿಸಿದ್ದಳು. ಅವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆಂದು ಎಮಿಲನಿಗೆ ಗೊತ್ತಿತ್ತು. ವಾಲ್ಟನಿಗೆ ತಾನು ಹೇಳಿದ ಮಾತನ್ನು ಕ್ರಿಸ್ಟಾಗೆ ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಿರುವಾಗಲೇ ಅವನ ಬಾಯಿ ಅದನ್ನು ಹೇಳಿಬಿಟ್ಟಿತು. ಇರ್ಮಾಳ ವಿಷಯ, ಎಲ್ಲರ ಮುಂದೆ, ಹೀಗೆ ಹೀಗೆ ಅಂದೆ ಎಂದ. ಕ್ರಿಸ್ಟಾ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಕೈಗವಸು ಕಳಚಿ ಮುಖ ಒರೆಸಿಕೊಂಡಳು.

“ಹೋಗು ಇಲ್ಲಿಂದ” ಎಂದಳು. “ಇನ್ನು ನಾನು ಕೊಂಡು ಕೊಡಲ್ಲ. ಬೇಕಾದ್ರೆ ನೀನೇ ಅಂಗಡಿ ಕಟ್ಟೆ ಹತ್ರ ಹೋಗಿ ಬಾಯಿ ಬಿಟ್ಟು ಕೇಳು. ಬೇಡ ಅಂದ್ರೆ ಬಿಡು, ಸೀಸ ಹಾಕ್ಕೊಂಡು ಕೈ ಮುರ್ಕೋ. ಮತ್ತೆ ಬುಧವಾರ ಕೆಳಗೆ ಬರಬೇಡ. ಬುಧವಾರ ನಂದು.”

“ಬರಲ್ಲ” ಎಂದ ಎಮಿಲ್.

ಅವಳು ಮತ್ತೆ ಹಿಮ ಗೋರತೊಡಗಿದಳು. ಸಲಿಕೆ ಕಾಂಕ್ರೀಟಿಗೆ ಕೆರೆಯುವ ಸದ್ದು ಅವನು ಕಾರಿಗೆ ಹೋಗಿ ಕೂರುವವರೆಗೂ ಒಂದೇ ಸಮ ಬರುತ್ತಿತ್ತು. ಡೋರೀನ್ ಎಲ್ಲಿಗೆ ಎಂದು ಕೇಳಲಿಲ್ಲ. ಅವನೇ, ಸಂಘಕ್ಕೆ ಎಂದ.

“ಯಾವ ಮುಖ ಇಟ್ಕೊಂಡು?”

“ಇರೋದು ಒಂದೇ ಮುಖ.”

ಅಂಗಡಿ ಕಟ್ಟೆ ಬಾಗಿಲ ಪಕ್ಕದಲ್ಲೇ ಇತ್ತು. ಬ್ರೈಸ್ ಅವನನ್ನು ಕಂಡು ಬಿಯರ್ ಕೆಳಗಿಟ್ಟ. ಅವನ ದೊಡ್ಡ ಮುಖ ಪೆಚ್ಚಾಗಿತ್ತು. “ಹುಡಾಕ್ ಅವ್ರೇ, ನಾನು ತಮಾಷೆಗೆ… ನಂಗೆ ಗೊತ್ತಿರಲಿಲ್ಲ” ಎಂದ. ಎಮಿಲ್ ಅವನ ಹಿಂದಿನ ಕಪಾಟು ನೋಡಿದ. ಸೀಸದ ಪೆಟ್ಟಿಗೆಗಳು, ತಾಮ್ರ ಹೊದಿಸಿದವು, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ತೆಳು ಬಣ್ಣದ ಕಾಗದ ಸುತ್ತಿದ ಕೆಲವು.  ಯೌವನದಲ್ಲಿ ಔಷಧಿ ಅಂಗಡಿಯಲ್ಲಿ ನಿಂತು, ಹೆಂಗಸರು ಆಚೆ ಹೋಗಲೆಂದು ಕಾದದ್ದು ನೆನಪಾಯಿತು. ಈಗಲೂ ಇಬ್ಬರು ಹಿಂದೆ ನಿಂತಿದ್ದರು.

“ಆ ಪ್ಲಾಸ್ಟಿಕ್‌ದು ಒಂದು ಪೆಟ್ಟಿಗೆ ಕೊಡು.”

ಅವನ ಬಾಯಿಂದ ಅದು ಬೇಕಾದದ್ದಕ್ಕಿಂತ ಜೋರಾಗಿ ಬಂತು, ಬೈದಂತೆ. ಬ್ರೈಸ್ ಬಗ್ಗಿ ಒಂದನ್ನು ತೆಗೆದ. ಊಟಕ್ಕೆ ಕೂತವರ ಕಡೆ ನೋಡಿ, ದನಿ ಇಳಿಸಿ, ಕಟ್ಟೆಯ ಕೆಳಗಿನಿಂದ ಕಂದು ಕಾಗದದ ಚೀಲ ಎಳೆದು ಅದರೊಳಗೆ ಪೆಟ್ಟಿಗೆ ಇಳಿಸತೊಡಗಿದ. ಒರಟು ಬೆರಳುಗಳಲ್ಲಿ, ನಾಜೂಕಾಗಿ, ಬಾಯಿ ಮಡಚಿ. ಆ ಕರುಣೆ ನೋಡಿ ಎಮಿಲನಿಗೆ ಅವನನ್ನು ಹೊಡೆಯಬೇಕೆನ್ನಿಸಿತು. ಊಟದ ಹೊತ್ತಿನ ಕುಹಕವೇ ಸಹನೀಯವಾಗಿತ್ತು.

“ಚೀಲ ಬೇಡ” ಎಂದ.

“ಇರಲಿ ಬಿಡಿ, ಯಾಕೆ ಸುಮ್ನೆ ಎಲ್ರೂ…”

“ಚೀಲ ಬೇಡ ಅಂದ್ನಲ್ಲ!”

ಪೆಟ್ಟಿಗೆಯನ್ನು ಬಲಗೈಯಲ್ಲೇ ಹಿಡಿದು ಅವನು ಹಾಲ್‌ನ ಉದ್ದಕ್ಕೂ ನಡೆದ. ನಡುಗುವ ಕೈಯಲ್ಲಿ ಗುಂಡುಗಳು ಗಿಲಕಿಯಂತೆ ಸದ್ದು ಮಾಡಿದವು. ಒಬ್ಬೊಬ್ಬರಾಗಿ ತಲೆ ಎತ್ತಿದರು, ತಗ್ಗಿಸಿದರು. ವಾಲ್ಟ್ ಅದೇ ಮೇಜಿನಲ್ಲಿ ಅದೇ ಕುರ್ಚಿಯಲ್ಲಿದ್ದ. ಸುತ್ತಲಿನವರು ಎದ್ದುಹೋಗಿದ್ದರು. ಯಾರೋ ಬಿಸಿ ತಟ್ಟೆ ತಂದಿಟ್ಟಿದ್ದರು, ಅವನು ಪಿಯೆರೋಗಿಯನ್ನು ಸಣ್ಣ ಸಣ್ಣ ತುಂಡು ಮಾಡಿ ತಿನ್ನುತ್ತಿದ್ದ. ಬಿದ್ದಿದ್ದ ಎಮಿಲನ ಕುರ್ಚಿಯನ್ನು ಯಾರೋ ಎತ್ತಿ ನಿಲ್ಲಿಸಿದ್ದರು. ಎಮಿಲ್ ಅದರಲ್ಲಿ ಕೂತ.

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಿದ್ದವು. ಇರ್ಮಾಳ ಹೆಸರಿನಿಂದ ಶುರು ಮಾಡಬೇಕೆಂದಿದ್ದ, ಆ ಹೆಸರನ್ನು ಇಲ್ಲಿ ಇನ್ನೊಮ್ಮೆ ಎತ್ತುವ ಹಕ್ಕು ತನಗಿಲ್ಲವೆನ್ನಿಸಿ ಬಿಟ್ಟ. ಅಂಗಿಯ ವಿಷಯ ಹೇಳೋಣವೆಂದರೆ ಅದು ವಾಲ್ಟನಿಗೆ ಗೊತ್ತಿದ್ದದ್ದೇ. ಇಷ್ಟು ವರ್ಷ ಎಮಿಲ್ ಆ ಕತೆಯನ್ನು ತನ್ನದಾಗಿಸಿ ಅವನೆದುರೇ ಎಷ್ಟು ಸಲ ಹೇಳಿದ್ದನೋ. ವಾಲ್ಟ್ ಒಮ್ಮೆಯೂ ಅಲ್ಲ ಅಂದಿರಲಿಲ್ಲ. ಅದು ಹೊಳೆದಾಗ ಎಮಿಲನ ಕಿವಿಗಳು ಸುಡತೊಡಗಿದವು.

“ಬೈಯೋದಿದ್ರೆ ಬೈ” ಎಂದ.

ವಾಲ್ಟ್ ತಲೆ ಎತ್ತಲಿಲ್ಲ. ಬಾಯಲ್ಲಿದ್ದದ್ದನ್ನು ಅಗಿದು ನುಂಗಿದ. ಇನ್ನೊಂದು ತುಂಡು ಮಾಡಿದ.

“ತಿಂತಾ ಇದೀನಿ” ಎಂದ. “ತಿಂದ್ಮೇಲೆ ಬೈತೀನಿ.”

ಕೆಳಗಿನಿಂದ ಎರಡನೇ ಸುತ್ತಿನ ಗಂಟೆ ಹೊಡೆಯಿತು. ಜನ ಕುರ್ಚಿ ಸರಿಸಿ ಮೆಟ್ಟಿಲ ಕಡೆ ಹೊರಟರು. ವಾಲ್ಟ್ ಅವಸರ ಮಾಡಲಿಲ್ಲ. ಎಮಿಲ್ ಪೆಟ್ಟಿಗೆಯನ್ನು ಇಬ್ಬರ ನಡುವೆ ಮೇಜಿನ ಮೇಲಿಟ್ಟು, ಅವನ ತಟ್ಟೆ ಖಾಲಿಯಾಗುವುದನ್ನು ಕಾಯುತ್ತಾ ಕೂತ.